ಅವರ ಚಳಿಗಾಲ, ನಮ್ಮ ಮಳೆಗಾಲ

ಪರದೇಶದಲ್ಲಿ ಹಳೇ ಸ್ಪೋರ್ಟ್ಸ್ ಕಾರು ಸಾಕಿಕೊಂಡವರಿಗೆ ಒಂದು ವಾರ್ಷಿಕ ವ್ರತ ಇದೆ. ಅಕ್ಟೋಬರ್ ಮುಗಿಯುವ ಹೊತ್ತಿಗೆ ಕಾರನ್ನು ತೊಳೆದು ಒರೆಸಿ, ಬ್ಯಾಟರಿ ಬಿಚ್ಚಿ, ಮೇಲೊಂದು ಹೊದಿಕೆ ಹಾಕಿ ಶೆಡ್ಡಿಗೆ ಸೇರಿಸೋದು. ಮತ್ತೆ ಹೊರಗೆ ತೆಗೆಯೋದು ಏಪ್ರಿಲ್‌ನಲ್ಲಿ. ನಮ್ಮ ವಿಜಾಪುರದ ಕಡೆಯವರಿಗೆ ಇದನ್ನು ಓದಿದರೆ ನಗು ಬರುತ್ತೆ. ನಮ್ಮಲ್ಲಿ ಚಳಿಗಾಲ ಅಂದರೆ ಗಾಡಿ ಹೊರಗೆ ತೆಗೆಯೋ ಕಾಲ!

ಆದರೆ ನಗುವ ಮೊದಲು ಅವರ ವ್ರತದ ಹಿಂದಿನ ಇತಿಹಾಸ ನೋಡೋಣ. ಮೊದಮೊದಲ ಕಾರುಗಳ ರೇಡಿಯೇಟರಿನಲ್ಲಿ ಇದ್ದದ್ದು ಬರೀ ನೀರು. ರಾತ್ರಿ ಅದು ಹೆಪ್ಪುಗಟ್ಟಿದರೆ ಹಿಗ್ಗಿ ಎಂಜಿನ್ನನ್ನೇ ಸೀಳಿಬಿಡುತ್ತಿತ್ತು. ಬೀಡು ಕಬ್ಬಿಣ, ಬೆಸುಗೆ ಸುಲಭವಲ್ಲ. ಆಮೇಲೆ ನೀರಿಗೆ ಸ್ಪಿರಿಟ್ ಬೆರೆಸಿ ನೋಡಿದರು. ಎಥಿಲಿನ್ ಗ್ಲೈಕಾಲಿನ ಆ್ಯಂಟಿಫ್ರೀಜ್ ಪೇಟೆಗೆ ಬಂದದ್ದು 1920ರ ದಶಕದ ಕೊನೆಗೆ. ಅಲ್ಲಿಗೆ ಹಿಮದ ಹೆದರಿಕೆ ತಗ್ಗಿತು ಅನ್ನುವಾಗ ಇನ್ನೊಂದು ಶತ್ರು ಹುಟ್ಟಿತು. ಎರಡನೇ ಮಹಾಯುದ್ಧದ ನಂತರ ರಸ್ತೆಯ ಹಿಮ ಕರಗಿಸಲು ಉಪ್ಪು ಸುರಿಯೋದು ಆ ದೇಶಗಳಲ್ಲಿ ರೂಢಿಯಾಯಿತು. ಉಪ್ಪುನೀರು ಕಾರಿನ ಹೊಟ್ಟೆಗೆ ಸಿಡಿದು ಕಬ್ಬಿಣ ತಿನ್ನತೊಡಗಿತು. ಹೀಗೆ ಕಾರು ಒಳಗಿಡೋ ಪದ್ಧತಿ ಉಳಿಯಿತು, ಕಾರಣ ಮಾತ್ರ ಬದಲಾಯಿತು.

ಈಗ ನಮ್ಮ ಸೀಮೆಗೆ ಬನ್ನಿ. ವಿಜಯಪುರದಿಂದ ಪಶ್ಚಿಮಕ್ಕೆ ತಿಕೋಟಾ, ನೈಋತ್ಯಕ್ಕೆ ಜಮಖಂಡಿ ರಸ್ತೆಯಲ್ಲಿ ಬಬಲೇಶ್ವರ. ಎರಡೂ ಈಗ ತಾಲೂಕು ಕೇಂದ್ರಗಳು. ಇಲ್ಲಿ ಹಿಮವೂ ಇಲ್ಲ, ರಸ್ತೆಗೆ ಉಪ್ಪು ಸುರಿಯೋರೂ ಇಲ್ಲ. ಇರೋದು ಎರೆಮಣ್ಣು. ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರಿಯುತ್ತೆ, ಮಳೆ ಬಿದ್ದರೆ ಗಾಲಿಗೆ ಹಿಟ್ಟಿನ ಹಾಗೆ ಮೆತ್ತುತ್ತೆ. ಮಳೆ ಕಡಿಮೆಯೇ, ಆದರೆ ಅದರ ಜೋರು ಸೆಪ್ಟೆಂಬರಿನಲ್ಲಿ. ಆಗ ಡೋಣಿ ಉಕ್ಕಿದರೆ ಸಾರವಾಡದ ಕಡೆ ದಾರಿ ಬಂದ್. ತಮಾಷೆ ಅಂದರೆ ಡೋಣಿಯ ನೀರೂ ಉಪ್ಪೇ! ಅವರು ಸುರಿದುಕೊಳ್ಳುವ ಉಪ್ಪನ್ನು ನಮಗೆ ಹೊಳೆಯೇ ತಂದು ಕೊಡುತ್ತೆ.

ಹಾಗಾಗಿ ನಮ್ಮ ಹಿರಿಯರು ಗಾಡಿ ಎತ್ತಿಡುತ್ತಿದ್ದದ್ದು ಮಳೆಗಾಲಕ್ಕೆ. ಯಾವ ಗಾಡಿ ಅಂತೀರಾ? ಸವಾರಿ ಬಂಡಿ. ಹೇರು ಹೊರುವ ಚಕ್ಕಡಿ ಬೇರೆ, ಇದು ಬೇರೆ. ಹಗುರ ಮೈ, ಬಣ್ಣದ ಗಾಲಿ, ಓಟದ ಎತ್ತು. ಆ ಕಾಲದ ಸ್ಪೋರ್ಟ್ಸ್ ಕಾರು ಅಂದರೆ ತಪ್ಪಿಲ್ಲ.

ಈ ಹಗುರ ಗಾಡಿ ಅನಾದಿಯಿಂದ ಇದ್ದದ್ದಲ್ಲ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ನೆರೆಯ ಸೊಲ್ಲಾಪುರ ಸೀಮೆಯಲ್ಲಿ ಮೊದಲಿದ್ದವು ಭಾರೀ ಗಾಲಿಯ ಒರಟು ಬಂಡಿಗಳು, ಎಳೆಯಲು ಹಲವು ಜೋಡಿ ಎತ್ತು ಬೇಕು. ದೂರದ ಸರಕೆಲ್ಲ ಹೇರೆತ್ತಿನ ಬೆನ್ನ ಮೇಲೆ ಹೋಗುತ್ತಿತ್ತು. 1830ರ ದಶಕದಲ್ಲಿ ಕಂದಾಯ ಸರ್ವೆಯ ಅಧಿಕಾರಿ ಗೈಸ್‌ಫರ್ಡ್ ಅಲ್ಲಿನ ಟೆಂಭುರ್ಣಿಯಲ್ಲಿ ಒಂದು ಜೋಡಿ ಎತ್ತು ಎಳೆಯಬಲ್ಲ ಹಗುರ ಗಾಡಿ ಮಾಡಿಸಿದ. ಆ ನಮೂನೆ ದಖ್ಖನಿನಲ್ಲಿ ಹಬ್ಬಿತು. 1884ರಲ್ಲಿ ವಿಜಾಪುರಕ್ಕೆ ರೈಲು ಬಂದ ಮೇಲೆ ಸ್ಟೇಶನ್ನಿಗೆ ಹತ್ತಿ, ಜೋಳ ಸಾಗಿಸಲು ಗಾಡಿಗಳ ಕೆಲಸ ಇನ್ನೂ ಹೆಚ್ಚಿತು.

ನಮ್ಮ ಮನೆಯಲ್ಲಿ ಸವಾರಿ ಬಂಡಿ ಕಾರಹುಣ್ಣಿಮೆ ಮುಗಿದ ಮೇಲೆ ಒಳಗೆ ಹೋದರೆ ದೀಪಾವಳಿಯ ನಂತರವೇ ಹೊರಗೆ. ಅಜ್ಜ ಹೇಳುತ್ತಿದ್ದ ಮಾತು ಒಂದೇ: "ಗಾಲಿ ನೆಲಾ ಹಿಡೀಬಾರ್ದು ನೋಡೋ ತಮ್ಮಾ." ಅದಕ್ಕೇ ಅಚ್ಚಿನ ಕೆಳಗೆ ಕಲ್ಲು ಕೊಟ್ಟು ಗಾಲಿ ಎತ್ತಿ ನಿಲ್ಲಿಸೋದು. ನೊಗ ಬಿಚ್ಚಿ ತೊಲೆಗೆ ನೇತುಹಾಕೋದು, ಗೆದ್ದಲು ಹತ್ತಬಾರದಲ್ಲ. ಹಳೇ ಕೀಲೆಣ್ಣೆ ಒರೆಸಿ ಹೊಸದು ಬಳಿಯೋದು. ಹೊರಗೆ ತೆಗೆದಾಗ ಕಟ್ಟಿಗೆ ಕುಗ್ಗಿ ಕಬ್ಬಿಣದ ಪಟ್ಟಿ ಸಡಿಲಾಗಿದ್ದರೆ ಗಾಲಿಯನ್ನು ನೀರಲ್ಲಿ ನೆನೆಸೋದು, ಅದಕ್ಕೂ ಬಗ್ಗದಿದ್ದರೆ ಕಮ್ಮಾರರ ಹತ್ತಿರ ಒಯ್ದು ಪಟ್ಟಿ ಕಾಯಿಸಿ ಕೂಡಿಸೋದು. ಆಮೇಲೆ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಸವಾರಿ, ಸಂಕ್ರಾಂತಿಗೆ ವಿಜಾಪುರದ ಸಿದ್ಧೇಶ್ವರ ಜಾತ್ರೆಗೆ ಸವಾರಿ. ಮೆರೆಯೋದೆಲ್ಲ ಚಳಿಗಾಲದಲ್ಲೇ!

ಈಗ ಈ ಪದ್ಧತಿಯನ್ನು ಹಳೇ ಕಾರಿನ ಪಕ್ಕ ಇಟ್ಟು ನೋಡಿ. ಅಚ್ಚಿನ ಕೆಳಗಿನ ಕಲ್ಲೇ ಇವತ್ತಿನ ಆ್ಯಕ್ಸಲ್ ಸ್ಟ್ಯಾಂಡು. ನಿಂತಲ್ಲೇ ನಿಂತ ಟೈರು ಒಂದು ಕಡೆ ಚಪ್ಪಟೆಯಾಗುತ್ತೆ. ಕೀಲೆಣ್ಣೆಯ ಜಾಗದಲ್ಲಿ ಎಂಜಿನ್ ಆಯಿಲ್. ಹಳೇ ಆಯಿಲಿನಲ್ಲಿರೋ ಆಮ್ಲ, ತೇವ ಬೇರಿಂಗ್ ತಿನ್ನುತ್ತೆ, ನಿಲ್ಲಿಸುವ ಮುಂಚೆಯೇ ಬದಲಿಸಬೇಕು. ಗಾಳಿಯಾಡುವ ಕೊಟ್ಟಿಗೆಯ ಬದಲು ಗಾಳಿಯಾಡುವ ಬಟ್ಟೆಯ ಹೊದಿಕೆ. ಪ್ಲಾಸ್ಟಿಕ್ ತಾಡಪತ್ರಿ ಬಿಗಿದರೆ ಒಳಗೇ ಬೆವರಿ ತುಕ್ಕು ಹಿಡಿಯುತ್ತೆ. ಎರೆಮಣ್ಣಿನ ನೆಲವಂತೂ ಬೇಡವೇ ಬೇಡ, ಕೆಳಗಿನಿಂದ ತೇವ ಏರುತ್ತೆ. ಹೊಸದಾಗಿ ಸೇರಿಸಬೇಕಾದ್ದು ಪೆಟ್ರೋಲಿನ ವಿಷಯ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತೆ, ಅದು ನೀರು ಹೀರುತ್ತೆ. ಮೂರು ತಿಂಗಳಿಗಾದರೆ ಟ್ಯಾಂಕ್ ತುಂಬಿಸಿ ಇಡಿ, ವರ್ಷಗಟ್ಟಲೆ ಆದರೆ ಕಾರ್ಬುರೇಟರ್ ಸಮೇತ ಖಾಲಿ ಮಾಡಿ. ಇಲಿಗಳಿಗೆ ವೈರು ಇಷ್ಟ ಅನ್ನೋದನ್ನೂ ಮರೆಯಬೇಡಿ.

ಇದೆಲ್ಲ ಯಾಕೆ ಮುಖ್ಯ? 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನಿಯಮ ತಂದಿತು. 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಕಾರಿಗೆ 'ವಿಎ' ಅಕ್ಷರಗಳ ಪ್ರತ್ಯೇಕ ನಂಬರು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಒಳ್ಳೆಯದೇ. ಆದರೆ ಬೆಂಗಳೂರಿನಲ್ಲೇ ಹುಟ್ಟಿದ ಸಿಪಾನಿ ಡಾಲ್ಫಿನ್ ಬಂದದ್ದು 1982ರಲ್ಲಿ. ಎರಡು ಬಾಗಿಲಿನ ಪುಟ್ಟ ಕಾರು, ರ‍್ಯಾಲಿಗಳಲ್ಲಿ ಹೆಸರು ಮಾಡಿತ್ತು. ಅದರ ಫೈಬರ್ ಮೈಗೆ ತುಕ್ಕಿಲ್ಲ, ಚಾಸಿಗೆ ಇದೆ. ಅದಕ್ಕೆ 50 ತುಂಬೋದು 2032ಕ್ಕೆ. 1985ರ ಪದ್ಮಿನಿಗೆ 2035ಕ್ಕೆ. ಅಲ್ಲಿಯವರೆಗೆ ಅವು ಬರೀ ಹಳೇ ಗಾಡಿ. ಗುಜರಿಯವನು ಬಾಗಿಲಲ್ಲೇ ನಿಂತಿರುತ್ತಾನೆ. ನಡುವಿನ ಈ ವರ್ಷಗಳನ್ನು ದಾಟಿಸೋದು ಕಾಯ್ದೆಯಲ್ಲ, ಒಂದು ಒಳ್ಳೆ ಶೆಡ್ಡು ಮತ್ತು ಎತ್ತಿಡೋ ಶಿಸ್ತು.

ಸವಾರಿ ಬಂಡಿಗೋ ಆ ನಂಬರೂ ಇಲ್ಲ. ಒಲೆಗೆ ಹೋದವು ಎಷ್ಟೋ. ಗಾಲಿಗಳು ಮಾತ್ರ ಹೋಟೆಲ್ಲುಗಳ ಗೋಡೆಗೆ ಒರಗಿ ನಿಂತಿವೆ, ಮಳೆ ಬಿಸಿಲು ಎರಡಕ್ಕೂ. ಗಾಡಿ ಹೋದರೆ ಹೋಗಲಿ ಅನ್ನಬಹುದು. ಆದರೆ ಪಟ್ಟಿ ಕಾಯಿಸಿ ಕೂಡಿಸೋ ಕೈ ಹೋದರೆ ಉಳಿದ ಗಾಲಿಯನ್ನು ರಿಪೇರಿ ಮಾಡೋರು ಯಾರು?

ನಿಮ್ಮ ಊರಲ್ಲಿ ಮಳೆಗಾಲಕ್ಕೆ ಗಾಡಿ ಹೇಗೆ ಎತ್ತಿಡುತ್ತಿದ್ದರು? ಮನೆಯಲ್ಲಿ ಹಿರಿಯರಿದ್ದರೆ ಇವತ್ತೇ ಕೇಳಿ, ಅವರ ಮಾತಲ್ಲೇ ಬರೆದಿಡಿ.