ದೇವನಹಳ್ಳಿಗೆ ಮರಳಿದ ಇಬ್ಬರು ಮಕ್ಕಳು



ಟಿಪ್ಪು ಸುಲ್ತಾನರು ಹುಟ್ಟಿದ ಊರು ಯಾವುದೆಂದು ಕೇಳಿದರೆ ನೀವು ಕೂಡಲೇ ದೇವನಹಳ್ಳಿ ಎನ್ನುತ್ತೀರಿ. ಕೋಟೆಯ ಹತ್ತಿರವಿರುವ ಕಲ್ಲುಕಂಬಗಳ ಚಿಕ್ಕ ಸ್ಮಾರಕವನ್ನೂ ನಿಮ್ಮಲ್ಲಿ ಹಲವರು ನೋಡಿದ್ದೀರಿ. ಆದರೆ ಅದೇ ಊರಿನಲ್ಲಿ 1794ರಲ್ಲಿ ನಡೆದ ಒಂದು ಸಂಗತಿಯನ್ನು ನೆನೆಯುವವರು ಕಡಿಮೆ.

ಮೈಸೂರಿನ ಸೈನ್ಯದಲ್ಲಿದ್ದ ಹೈದರ್ ಅಲಿಯವರು ಮೊದಲು ಹೆಸರು ಮಾಡಿದ್ದೇ 1749ರ ದೇವನಹಳ್ಳಿ ಮುತ್ತಿಗೆಯಲ್ಲಿ. 1750ರ ನವೆಂಬರಿನಲ್ಲಿ (1751 ಎನ್ನುವವರೂ ಉಂಟು) ಅವರಿಗೂ ಫಾತಿಮಾ ಫಖ್ರುನ್ನಿಸಾ ಅವರಿಗೂ ಗಂಡುಮಗು ಹುಟ್ಟಿತು. ಆರ್ಕಾಟಿನ ಸಂತ ಟಿಪ್ಪು ಮಸ್ತಾನರ ಹೆಸರನ್ನೇ ಮಗುವಿಗೆ ಇಟ್ಟರು. 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡಾಗ ಇಂಗ್ಲಿಷರೊಡನೆ ಯುದ್ಧ ನಡೆಯುತ್ತಲೇ ಇತ್ತು. ಅದರ ನಡುವೆಯೇ ಟಿಪ್ಪು ಅಧಿಕಾರ ವಹಿಸಿಕೊಂಡರು. 1784ರ ಮಂಗಳೂರು ಒಪ್ಪಂದ, ಕಬ್ಬಿಣದ ಕೊಳವೆಯ ರಾಕೆಟ್ಟುಗಳು, ಇಂದಿಗೂ ನಮ್ಮ ತಾಲ್ಲೂಕುಗಳ ಬದುಕಾಗಿರುವ ರೇಷ್ಮೆ, ಇವೆಲ್ಲ ನಿಮಗೆ ಗೊತ್ತಿರುವುದೇ.

1790ರಲ್ಲಿ ಇಂಗ್ಲಿಷರು, ಮರಾಠರು, ನಿಜಾಮರು ಒಟ್ಟಾಗಿ ಬಂದರು. 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಬಿತ್ತು. ಮರುವರ್ಷ ಶ್ರೀರಂಗಪಟ್ಟಣದಲ್ಲಿ ಆದ ಒಪ್ಪಂದದಂತೆ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೊಡಬೇಕಾಯಿತು. ಹಣ ತೀರುವವರೆಗೆ ಇಬ್ಬರು ಮಕ್ಕಳು ಒತ್ತೆ. ಅಬ್ದುಲ್ ಖಾಲಿಕ್‌ಗೆ ಸುಮಾರು ಹತ್ತು ವರ್ಷ, ಮುಯಿಜುದ್ದೀನ್‌ಗೆ ಎಂಟು. 1792ರ ಫೆಬ್ರವರಿ 26ರಂದು ಅವರನ್ನು ಕಾರ್ನ್‌ವಾಲಿಸನ ಶಿಬಿರಕ್ಕೆ ಕಳಿಸಲಾಯಿತು. ಅಲ್ಲಿಂದ ಮದ್ರಾಸಿಗೆ ಕರೆದೊಯ್ದರು. ಆ ಮಕ್ಕಳನ್ನು ಒಪ್ಪಿಸುವ ದೃಶ್ಯವನ್ನು ಇಂಗ್ಲಿಷ್ ಚಿತ್ರಕಾರರು ಮತ್ತೆ ಮತ್ತೆ ಬಿಡಿಸಿದ್ದಾರೆ. ಅವರಿಗದು ಗೆಲುವಿನ ಚಿತ್ರ. ಹೆತ್ತವರಿಗೆ ಹೇಗಿತ್ತೋ, ನೀವೇ ಊಹಿಸಿಕೊಳ್ಳಿ.

ಇಷ್ಟು ಹಣ ಎಲ್ಲಿಂದ ಬಂತು? ಇತಿಹಾಸಕಾರ ವಿಲ್ಕ್ಸ್ ಕೊಡುವ ಲೆಕ್ಕ ಹೀಗಿದೆ: ಖಜಾನೆಯಿಂದ 1 ಕೋಟಿ 10 ಲಕ್ಷ, ಸೈನ್ಯದ ಕಾಣಿಕೆ 60 ಲಕ್ಷ, ಉಳಿದ 1 ಕೋಟಿ 60 ಲಕ್ಷ ಅಧಿಕಾರಿಗಳಿಂದ ಮತ್ತು ಪ್ರಜೆಗಳಿಂದ. ವಿಲ್ಕ್ಸ್ ಟಿಪ್ಪುವಿನ ಮಿತ್ರನೇನಲ್ಲ, ಕಂಪನಿಯ ಸೈನ್ಯಾಧಿಕಾರಿ. ಆದರೂ ಈ ಲೆಕ್ಕವನ್ನು ನಾವು ತಳ್ಳಿಹಾಕಬೇಕಾಗಿಲ್ಲ. ಸೋತ ಯುದ್ಧದ ದಂಡವನ್ನು ಕೊನೆಗೆ ಹೊತ್ತವರಲ್ಲಿ ರಾಗಿ ಬೆಳೆಯುವ ರೈತರೂ ಇದ್ದರು. ಸುಲ್ತಾನರನ್ನು ಎಷ್ಟೇ ಗೌರವಿಸುವವರೂ ಇದನ್ನು ಮರೆಯಬಾರದು, ಕೊಡಗು ಮತ್ತು ಮಲಬಾರಿನ ಜನ ಪಟ್ಟ ಪಾಡನ್ನೂ ಮರೆಯಬಾರದು. ಅಂತೆಯೇ 1791ರಲ್ಲಿ ಮರಾಠಾ ದಂಡು ಲೂಟಿ ಮಾಡಿದ ಶೃಂಗೇರಿ ಮಠಕ್ಕೆ ಅವರು ಕನ್ನಡದಲ್ಲಿ ಪತ್ರ ಬರೆದು ನೆರವಾದದ್ದನ್ನು ನಿಂದಿಸುವವರೂ ಮರೆಯಬಾರದು.

ಹಣ ಸಂದಾಯವಾಯಿತು. 1794ರ ಮಾರ್ಚಿನಲ್ಲಿ ಕ್ಯಾಪ್ಟನ್ ಡೋವ್‌ಟನ್ ಇಬ್ಬರು ಮಕ್ಕಳನ್ನೂ ಕರೆತಂದು ತಂದೆಗೆ ಒಪ್ಪಿಸಿದ. ಒಪ್ಪಿಸಿದ್ದು ರಾಜಧಾನಿಯಲ್ಲಲ್ಲ, ತಂದೆ ಹುಟ್ಟಿದ ದೇವನಹಳ್ಳಿಯಲ್ಲಿ. ಎರಡು ವರ್ಷದಲ್ಲಿ ಮಕ್ಕಳು ಎಷ್ಟು ಬೆಳೆದಿದ್ದರೋ!

ಆ ಕುಟುಂಬ ಒಟ್ಟಿಗಿದ್ದದ್ದು ಮತ್ತೆ ಐದೇ ವರ್ಷ. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಸುಲ್ತಾನರು ಹೋರಾಡುತ್ತಲೇ ಮಡಿದರು. ಕುಟುಂಬವನ್ನು ವೇಲೂರು ಕೋಟೆಯಲ್ಲಿ ಇಟ್ಟರು. 1806ರ ಸಿಪಾಯಿ ದಂಗೆಯ ನಂತರ ಕಲ್ಕತ್ತೆಗೆ ಸಾಗಿಸಿದರು.