ಮಾಲು

ಮದ್ದೂರಿನ ಶಿವಪುರವೆಂದೊಡನೆ 1938ರ ಧ್ವಜ ಸತ್ಯಾಗ್ರಹವನ್ನು ನೆನೆಯುವುದು ಕನ್ನಡಿಗರಿಗೆ ಸಹಜವಾದರೂ, ಅದೇ ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಅರೆಗಳಿಗೆ ಕಿವಿಗೊಟ್ಟು ನಿಂತವನಿಗೆ ಮೇಲಿಂದ ಮೇಲೆ ಕೇಳಿಬರುವ ಶಬ್ದ ‘ಮಾಲು’. ಅರಬ್ಬಿಯಲ್ಲಿ ಹುಟ್ಟಿ, ಪಾರಸಿಯ ದಾರಿಯಾಗಿ ನಮ್ಮ ಸಂತೆಗೂ ಕಚೇರಿಗೂ ಬಂದಿಳಿದ ಈ ಶಬ್ದಕ್ಕೆ ಮೂಲದಲ್ಲಿ ಸಂಪತ್ತೆಂಬುದಷ್ಟೇ ಅರ್ಥ. ‘ಮಾಲೀಕ’ನು ಇದರ ವಂಶದವನೇ ಇರಬೇಕೆಂದು ನಾವು ಭಾವಿಸುವುದುಂಟು, ಆದರೆ ಅವನು ಬೇರೊಂದು ಧಾತುವಿನಿಂದ ಹುಟ್ಟಿದವನು. ಮಾಲಿಗೂ ಮಾಲೀಕನಿಗೂ ರಕ್ತಸಂಬಂಧವಿಲ್ಲವೆಂಬ ಸಂಗತಿ ಕ್ರಿಮಿನಲ್ ವಕೀಲರಿಗೆ ಪ್ರಿಯವಾದೀತು.

ಪೊಲೀಸು ಠಾಣೆಯ ಹೊಸ್ತಿಲು ದಾಟಿದೊಡನೆ ಈ ಸಾಧುಶಬ್ದದ ನಡತೆ ಕೆಡುತ್ತದೆ. ಅಲ್ಲಿ ಅದು ‘ಕಳವು ಮಾಲು’. ಪಂಚನಾಮೆಯಾಗಿ ಮೊಹರು ಬಿದ್ದ ಬಳಿಕ ‘ಮುದ್ದೆಮಾಲು’ (ರಾಗಿಮುದ್ದೆಯ ಸೀಮೆಯವರು ಇಲ್ಲಿ ಮುಗುಳ್ನಕ್ಕರೆ ತಪ್ಪೇನಿಲ್ಲ). ‘ಮಾಲು ಸಮೇತ ಸಿಕ್ಕಿಬಿದ್ದ’ ಎಂಬ ಮಾತು ಕಿವಿಗೆ ಬಿತ್ತೆಂದರೆ ಊರಿನವರ ಮಟ್ಟಿಗೆ ವಿಚಾರಣೆ ಮುಗಿದಂತೆಯೇ. ನ್ಯಾಯಾಲಯದಲ್ಲಿ ಅಷ್ಟು ಬೇಗ ಮುಗಿಯದು. ದಂಡಸಂಹಿತೆಯ 411ನೆಯ ಕಲಮಿನಲ್ಲಿದ್ದು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿಗೆ ಸೇರಿದ, ಕಳವು ಮಾಲನ್ನು ಪಡೆದಿಟ್ಟುಕೊಳ್ಳುವ ಅಪರಾಧಕ್ಕೆ ಮಾಲು ಕೈಯಲ್ಲಿದ್ದುದೊಂದೇ ಸಾಲದು. ಅದು ಕಳವಿನದೆಂಬ ಅರಿವಾಗಲಿ, ಹಾಗೆ ನಂಬಲು ಕಾರಣವಾಗಲಿ ಇದ್ದು, ಜೊತೆಗೆ ಅಪ್ರಾಮಾಣಿಕ ಬುದ್ಧಿಯೂ ಕೂಡಿರಬೇಕು. ಕಳವಾದ ಸ್ವಲ್ಪ ಕಾಲದಲ್ಲೇ ಮಾಲು ಒಬ್ಬನ ವಶದಲ್ಲಿ ದೊರೆತು, ಅದು ತನಗೆ ಹೇಗೆ ಬಂದಿತೆಂದು ಅವನು ಹೇಳಲಾರದೆ ಹೋದರೆ, ಆತ ಕಳ್ಳನೋ ಅರಿತು ಕೊಂಡವನೋ ಆಗಿರಬೇಕೆಂದು ನ್ಯಾಯಾಲಯವು ಊಹಿಸಬಹುದೆಂದು ಸಾಕ್ಷ್ಯದ ಕಾನೂನು ಹೇಳುತ್ತದೆ. ಊಹಿಸಬಹುದು, ಊಹಿಸಲೇಬೇಕೆಂದಿಲ್ಲ. ಮದ್ದೂರಿನ ಮ್ಯಾಜಿಸ್ಟ್ರೇಟರಿಂದ ಶಿಕ್ಷೆಗೊಳಗಾಗಿ, 30 ದಿನಗಳೊಳಗೆ ಮಂಡ್ಯದ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಹೊತ್ತೊಯ್ಯುವವನ ಆಸೆಯೆಲ್ಲ ಹೆಚ್ಚಾಗಿ ಈ ‘ಬಹುದು’ವಿನಲ್ಲಿಯೇ ನೆಲೆಸಿರುತ್ತದೆ.

‘ವಶ’ವೆಂಬುದೂ ಮೇಲ್ನೋಟಕ್ಕೆ ತೋರುವಷ್ಟು ಸರಳವಲ್ಲ. 1954ರಲ್ಲಿ ವರದಿಯಾದ ಮಧ್ಯಪ್ರದೇಶದ ಮೊಕದ್ದಮೆಯೊಂದರಲ್ಲಿ ಒಡವೆಗಳು ದೊರೆತುದು ಹೊಲದಲ್ಲಿ. ಯಾರು ಬೇಕಾದರೂ ಹೊಕ್ಕು ಹೊರಡಬಹುದಾದ ಬಯಲು ಹೊಲದಲ್ಲಿದ್ದುದನ್ನು ಒಬ್ಬನ ವಶದಲ್ಲಿತ್ತೆಂದು ನಿಶ್ಚಯವಾಗಿ ಹೇಳಲಾಗದೆಂದು ಸರ್ವೋಚ್ಚ ನ್ಯಾಯಾಲಯವು ಶಿಕ್ಷೆಯನ್ನು ರದ್ದುಪಡಿಸಿತು.

ಮಾಲು ಹಕ್ಕುದಾರನ ಕೈಗೆ ಮರಳಿತೆಂದರೆ ಅದಕ್ಕಂಟಿದ ‘ಕಳವು’ ಎಂಬ ವಿಶೇಷಣವು ತಾನಾಗಿ ಕಳಚುವುದೆಂದು ಸಂಹಿತೆಯೇ ವಿಧಿಸಿದೆ. ವ್ಯಾಕರಣಕ್ಕೂ ಒಪ್ಪುವ ಔದಾರ್ಯವಿದು. ಮರಳದೆ ಹೋಗುವುದೂ ಉಂಟು. ಹಳೆಯ ಮೈಸೂರು ರಾಜ್ಯದ ಮೊಕದ್ದಮೆಯೊಂದರಲ್ಲಿ, ಕಳವಾಗಿ ದೊರೆತ ಒಡವೆಗಳನ್ನು ಠಾಣೆಯ ಟ್ರಂಕಿನಲ್ಲಿ ಜೋಪಾನವಾಗಿ ಇರಿಸಲಾಗಿ, ಅವು ಅಲ್ಲಿಂದಲೂ ಕಾಣೆಯಾದುವು. ಅವುಗಳ ಬೆಲೆಯನ್ನು ಸರ್ಕಾರವೇ ಒಡತಿಗೆ ತೆರತಕ್ಕದ್ದೆಂದು 1977ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು.