ಒಂದು ಬರ, ನಾಲ್ಕು ಆಡಳಿತ

ನಮ್ಮ ಹಿರಿಯರು ಕಾಲವನ್ನು ಸಂವತ್ಸರದ ಹೆಸರಿನಿಂದ ಗುರುತಿಸುತ್ತಿದ್ದರು. ಅರವತ್ತು ಸಂವತ್ಸರಗಳಲ್ಲಿ ಬಹುಪಾಲು ಹೆಸರುಗಳು ಪಂಚಾಂಗದ ಹಾಳೆಯನ್ನು ಬಿಟ್ಟು ಹೊರಗೆ ಬಂದಿಲ್ಲ. ಸಂಕಲ್ಪ ಹೇಳುವಾಗ ಪುರೋಹಿತರ ಬಾಯಲ್ಲಿ ಒಮ್ಮೆ ಸುಳಿದು ಮರೆಯಾಗುತ್ತವೆ. ಧಾತು, ಈಶ್ವರ ಎಂಬೆರಡು ಹೆಸರುಗಳ ಸಂಗತಿ ಬೇರೆ. ಹಳೆಯ ಮೈಸೂರಿನ ಕಡೆ ‘ಧಾತು ಈಶ್ವರದ ಬರ’ ಎಂದರೆ ಸಾಕಿತ್ತು, ಇಸವಿ ಹೇಳಬೇಕಾಗಿರಲಿಲ್ಲ. ಇಂಗ್ಲಿಷ್ ಲೆಕ್ಕದಲ್ಲಿ ಅವು ೧೮೭೬-೭೭ ಮತ್ತು ೧೮೭೭-೭೮.

೧೮೭೧ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ೫೦,೫೫,೪೧೨. ೧೮೮೧ರಲ್ಲಿ ಅದು ೪೧,೮೬,೧೮೮. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ನಾಡು ಎಂಟು ಲಕ್ಷ ಅರವತ್ತೊಂಬತ್ತು ಸಾವಿರ ಜನರನ್ನು ಕಳೆದುಕೊಂಡಿತು. ಆಗ ಕಲಾದಗಿ ಎಂದು ಕರೆಯುತ್ತಿದ್ದ ವಿಜಾಪುರ ಜಿಲ್ಲೆಯಲ್ಲಿ ಐದರಲ್ಲಿ ಸುಮಾರು ಒಂದು ಪಾಲು ಜನ ಕಡಿಮೆಯಾದರು. ನಾನು ಕನ್ನಡ ಪಾಠ ಹೇಳುವವನು. ಇತಿಹಾಸ ನನ್ನ ವೃತ್ತಿಯಲ್ಲ. ಆದರೂ ಈ ಅಂಕಿಗಳನ್ನು ಕಂಡ ಮೇಲೆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮಳೆ ಹೋದದ್ದು ಯಾರ ಕೈಯಲ್ಲೂ ಇರಲಿಲ್ಲ, ನಿಜ. ಆದರೆ ಆಗ ರೈಲಿತ್ತು, ತಂತಿಯಿತ್ತು, ಬಂದರುಗಳಿಗೆ ಧಾನ್ಯ ಬರುತ್ತಿತ್ತು. ಸರ್ಕಾರದ ಬೊಕ್ಕಸದಲ್ಲಿ ಹಣವೂ ಇತ್ತು. ಇಷ್ಟೆಲ್ಲ ಇದ್ದು ಅನ್ನವೇಕೆ ಹಸಿದವನ ಬಳಿಗೆ ಹೋಗಲಿಲ್ಲ?

ಇದಕ್ಕೆ ಉತ್ತರ ಹುಡುಕುವವರು ಮೊದಲು ಆ ಕಾಲದ ಭೂಪಟವನ್ನು ನೋಡಬೇಕು. ಕನ್ನಡ ಮಾತನಾಡುವ ಜನ ಅಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಮೈಸೂರು ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ಮಹಾರಾಜ ಚಾಮರಾಜೇಂದ್ರ ಒಡೆಯರು ಇನ್ನೂ ಬಾಲಕರು, ಮುಖ್ಯ ಕಮಿಷನರು ಸಾಂಡರ್ಸ್. ಬಳ್ಳಾರಿ ಮದರಾಸಿಗೆ ಸೇರಿತ್ತು. ಬೆಳಗಾವಿ, ಧಾರವಾಡ, ಕಲಾದಗಿಗಳು ಮುಂಬಯಿಗೆ ಸೇರಿದ್ದವು. ರಾಯಚೂರು, ಗುಲ್ಬರ್ಗಗಳು ನಿಜಾಮರವು. ಹಳ್ಳಿಯ ಲೆಕ್ಕ ಬರೆಯುವವನನ್ನು ಮೈಸೂರಿನಲ್ಲಿ ಶಾನುಭೋಗ ಎನ್ನುತ್ತಿದ್ದರು, ಧಾರವಾಡದಲ್ಲಿ ಕುಲಕರ್ಣಿ, ಬಳ್ಳಾರಿಯಲ್ಲಿ ಕರಣಂ. ತಾಲ್ಲೂಕಿನ ಅಧಿಕಾರಿ ಒಂದೆಡೆ ಅಮಲ್ದಾರ, ಇನ್ನೊಂದೆಡೆ ಮಾಮಲೇದಾರ, ಮತ್ತೊಂದೆಡೆ ತಹಸೀಲ್ದಾರ. ಭಾಷೆ ಒಂದು, ಬರ ಒಂದು. ಆಜ್ಞೆ ಕೊಡುವವರು ಮಾತ್ರ ಬೇರೆ ಬೇರೆ.

ಆಜ್ಞೆಗಳೂ ಒಂದೇ ತೆರನಾಗಿರಲಿಲ್ಲ. ಮುಂಬಯಿ ಸರ್ಕಾರ ಎಂಜಿನಿಯರುಗಳ ಕೈಕೆಳಗೆ ದೊಡ್ಡ ಕಾಮಗಾರಿಗಳನ್ನು ತೆರೆಯಿತು. ಕೆಲಸ ಅಚ್ಚುಕಟ್ಟು, ಆದರೆ ಹಸಿದವನು ಊರು ಬಿಟ್ಟು ದೂರ ನಡೆದು ಹೋಗಬೇಕು. ಮದರಾಸು ಸರ್ಕಾರ ಮೊದಮೊದಲು ಊರಿನ ಹತ್ತಿರವೇ ಸಣ್ಣ ಕೆಲಸಗಳನ್ನು ಕೊಟ್ಟಿತು. ಜನಕ್ಕೆ ಅನುಕೂಲ, ಆದರೆ ಮೇಲ್ವಿಚಾರಣೆ ಸಡಿಲು. ಮೈಸೂರಿನಲ್ಲಿ ಗಂಜಿಕೇಂದ್ರಗಳು ತುಂಬಿದವು. ಹಸಿವಿಗೆ ಗಡಿಯ ಕಲ್ಲು ಕಾಣುವುದಿಲ್ಲ. ಒಂದು ಸೀಮೆಯಲ್ಲಿ ಕೂಲಿ ಇಳಿದರೆ ಪಕ್ಕದ ಸೀಮೆಯ ಕಾಮಗಾರಿಗೆ ಜನ ನುಗ್ಗಬೇಕು. ಒಂದೆಡೆ ಗಂಜಿ ಬೇಯುತ್ತದೆಂದು ಸುದ್ದಿ ಬಂದರೆ ಹತ್ತು ಹಳ್ಳಿ ಅತ್ತ ಎದ್ದು ನಡೆಯಬೇಕು. ಹಾಗೆ ಒಂದೆಡೆ ನೆರೆದ ದುರ್ಬಲರನ್ನು ಕಾಲರಾ ಎದುರುಗೊಳ್ಳುತ್ತದೆ.

ಧಾನ್ಯದ ಕಥೆಯೂ ಹೀಗೆಯೇ. ಬೆಂಗಳೂರಿಗೆ ಜೋಲಾರಪೇಟೆಯ ಕಡೆಯಿಂದ ೧೮೬೪ರಲ್ಲಿಯೇ ರೈಲು ಬಂದಿತ್ತು. ಆದರೆ ಬೆಂಗಳೂರಿನಿಂದ ಮುಂದೆ ಹಳಿಯಿಲ್ಲ. ತುಮಕೂರು, ಚಿತ್ರದುರ್ಗ, ಹಾಸನಗಳಿಗೆ ಮೂಟೆ ಹೋಗಬೇಕಾದರೆ ಎತ್ತಿನ ಗಾಡಿಯೇ ಗತಿ. ಗಾಡಿ ಎಳೆಯುವ ಎತ್ತಿಗೆ ಮೇವು ಬೇಕು, ದಾರಿಯಲ್ಲಿ ನೀರು ಬೇಕು. ಬರದಲ್ಲಿ ಎರಡೂ ಇಲ್ಲ. ಮನುಷ್ಯನಿಗಿಂತ ಮೊದಲು ಎತ್ತು ಸಾಯುತ್ತದೆ, ಎತ್ತು ಸತ್ತ ಮೇಲೆ ಮನುಷ್ಯನಿಗೆ ಧಾನ್ಯ ಬರುವುದಿಲ್ಲ. ನಮ್ಮ ರೈತರು ಹಗೇವಿನಲ್ಲಿ ರಾಗಿ ತುಂಬಿಟ್ಟು ಒಂದು ವರ್ಷದ ಬರವನ್ನು ದಾಟಬಲ್ಲವರು. ೧೮೭೫ರಲ್ಲಿ ಅರೆಮಳೆಯಾಗಿ, ೧೮೭೬ರಲ್ಲಿ ಅದೂ ತಪ್ಪಿದಾಗ ಹಗೇವು ತಳ ಕಂಡಿತು.

ಇಂಥ ಹೊತ್ತಿನಲ್ಲಿ ಮೇಲಿನವರು ಏನು ಮಾಡುತ್ತಿದ್ದರು? ಮದರಾಸಿನ ಗವರ್ನರು ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್ ಅರ್ಬತ್‌ನಟ್ ಕಂಪೆನಿಯ ಮೂಲಕ ಗುಟ್ಟಾಗಿ ೩೦,೦೦೦ ಟನ್ ಧಾನ್ಯ ಕೊಳ್ಳಲು ಹೊರಟರು. ವ್ಯಾಪಾರದಲ್ಲಿ ಸರ್ಕಾರ ಕೈ ಹಾಕಬಾರದೆಂದು ಭಾರತ ಸರ್ಕಾರ ಆಕ್ಷೇಪಿಸಿತು. ವೈಸರಾಯ್ ಲಿಟ್ಟನ್‌ರ ಗಮನ ದೆಹಲಿಯ ದರ್ಬಾರಿನ ಮೇಲಿತ್ತು. ೧೮೭೭ರ ಜನವರಿ ೧ರಂದು ಅಲ್ಲಿ ವಿಕ್ಟೋರಿಯಾ ರಾಣಿಯನ್ನು ಸಾಮ್ರಾಜ್ಞಿಯೆಂದು ಸಾರಲಾಯಿತು. ಅದೇ ತಿಂಗಳಲ್ಲಿ, ಎಲ್ಲ ಪ್ರಾಂತಗಳ ಪರಿಹಾರ ಕಾರ್ಯವನ್ನು ಒಂದು ನಿಯಮಕ್ಕೆ ತರಬೇಕೆಂದು ಸರ್ ರಿಚರ್ಡ್ ಟೆಂಪಲ್ ಎಂಬುವರನ್ನು ವಿಶೇಷ ಪ್ರತಿನಿಧಿಯಾಗಿ ಕಳಿಸಿದರು.

ಟೆಂಪಲ್ ಕೆಲಸ ಬಲ್ಲವರೇ. ೧೮೭೩-೭೪ರಲ್ಲಿ ಬಿಹಾರದಲ್ಲಿ ಬರ ಬಂದಾಗ ಬರ್ಮಾದಿಂದ ಸುಮಾರು ೪.೫ ಲಕ್ಷ ಟನ್ ಅಕ್ಕಿ ತರಿಸಿ, ಸಾವು ತೀರ ಕಡಿಮೆಯಾಗುವಂತೆ ನೋಡಿಕೊಂಡಿದ್ದರು. ಅದಕ್ಕೆ ಅವರಿಗೆ ಸಿಕ್ಕ ಬಹುಮಾನ ಅಪವ್ಯಯದ ಆರೋಪ! ಆ ಪಾಠವನ್ನು ಅವರು ಮರೆಯಲಿಲ್ಲ. ದಕ್ಷಿಣಕ್ಕೆ ಬಂದಾಗ ಅವರ ಕೈ ಬಿಗಿಯಾಗಿತ್ತು. ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಅಲ್ಪ ಚಿಲ್ಲರೆ. ಇಷ್ಟು ಸಾಕೆಂದು ಗೊತ್ತುಮಾಡಿದರು. ಇಂದಿನ ತೂಕದಲ್ಲಿ ಅರ್ಧ ಕಿಲೋಗೂ ಕಡಿಮೆ. ಅಷ್ಟನ್ನು ತಿಂದು ದಿನವಿಡೀ ಮಣ್ಣು ಅಗೆಯಬೇಕು, ಕಲ್ಲು ಒಡೆಯಬೇಕು. ಆಜ್ಞೆ ಒಂದಾಯಿತು, ಆದರೆ ಅದು ಅರೆಹೊಟ್ಟೆಯ ಆಜ್ಞೆಯಾಯಿತು.

ಇದನ್ನು ಎದುರಿಸಿದವರಿದ್ದರು. ಮದರಾಸಿನ ಆರೋಗ್ಯ ಕಮಿಷನರು ಡಾಕ್ಟರ್ ಕಾರ್ನಿಷ್, ಈ ಆಹಾರದಲ್ಲಿ ದುಡಿಯುವ ದೇಹ ಉಳಿಯಲಾರದೆಂದು ವಾದಿಸಿದರು. ಅವರ ಮಾತು ಮದರಾಸಿನಲ್ಲಿ ಕೆಲವು ತಿಂಗಳಲ್ಲಿ ಗೆದ್ದಿತು, ಪಡಿ ಏರಿತು. ಮುಂಬಯಿ ಪ್ರಾಂತದಲ್ಲಿ ಕೂಲಿ ಇಳಿಸಿದಾಗ ಜನ ಕಾಮಗಾರಿಗಳನ್ನೇ ಬಿಟ್ಟು ಹೊರಟರು. ಪುಣೆಯ ಸಾರ್ವಜನಿಕ ಸಭೆ ಬರಪೀಡಿತ ಜಿಲ್ಲೆಗಳಿಂದ ತನ್ನದೇ ವರದಿಗಳನ್ನು ತರಿಸಿ ಸರ್ಕಾರದ ಮುಂದಿಟ್ಟಿತು. ಕಚೇರಿಯ ಕಾಗದದಲ್ಲಿ ಕಾಣದ್ದು ಇವರ ಕಣ್ಣಿಗೆ ಕಾಣುತ್ತಿತ್ತು.

ಮೈಸೂರಿಗೆ ಒಬ್ಬ ಹೊಣೆಗಾರ ಅಧಿಕಾರಿ ಬಂದದ್ದು ೧೮೭೭ರ ಮಳೆಗಾಲದ ಕೊನೆಗೆ. ವೈಸರಾಯರೇ ದಕ್ಷಿಣಕ್ಕೆ ಬಂದು ನೋಡಿದ ಮೇಲೆ ಚಾರ್ಲ್ಸ್ ಎಲಿಯಟ್ ಎಂಬುವರನ್ನು ಕ್ಷಾಮ ಕಮಿಷನರರಾಗಿ ನೇಮಿಸಿದರು. ಪರಿಹಾರಕ್ಕೆಂದೇ ಬೇರೆ ಅಧಿಕಾರಿಗಳ ತಂಡ ಏರ್ಪಟ್ಟಿತು. ದುಡಿಯಬಲ್ಲವರು ಮರಾಮತ್ತು ಇಲಾಖೆಯ ದೊಡ್ಡ ಕಾಮಗಾರಿಗಳಿಗೆ, ಕೈಲಾಗದವರಿಗೆ ಪುಕ್ಕಟೆ ಅನ್ನ ಎಂದು ವಿಂಗಡಣೆಯಾಯಿತು. ಅಷ್ಟು ಹೊತ್ತಿಗೆ ಮಳೆಯೂ ಬಂತು. ಸಾಯಬೇಕಾಗಿಲ್ಲದ ಲಕ್ಷಾಂತರ ಜನ ಅಷ್ಟರಲ್ಲಿ ಸತ್ತಾಗಿತ್ತು. ಬರದ ವೆಚ್ಚಕ್ಕೆ ಸಂಸ್ಥಾನ ಕೂಡಿಟ್ಟಿದ್ದ ೬೩ ಲಕ್ಷ ರೂಪಾಯಿ ಕರಗಿ, ಮೇಲೆ ೮೦ ಲಕ್ಷ ಸಾಲ ನಿಂತಿತು. ಹಣ ಉಳಿಸುವುದಕ್ಕೆಂದು ಹಿಡಿದ ಕೈ ಹಣವನ್ನೂ ಉಳಿಸಲಿಲ್ಲ, ಜನರನ್ನೂ ಉಳಿಸಲಿಲ್ಲ.

ಈ ದುರಂತದ ಬೂದಿಯಿಂದ ಒಂದು ಒಳ್ಳೆಯ ಸಂಗತಿ ಹುಟ್ಟಿತೆಂದು ಒಪ್ಪಬೇಕು. ರಿಚರ್ಡ್ ಸ್ಟ್ರೇಚಿ ಅಧ್ಯಕ್ಷರಾಗಿದ್ದ ಕ್ಷಾಮ ಆಯೋಗ ೧೮೮೦ರಲ್ಲಿ ವರದಿ ಕೊಟ್ಟಿತು. ಮೈಸೂರಿನಲ್ಲಿ ಪಳಗಿದ ಎಲಿಯಟ್ಟರೇ ಅದರ ಕಾರ್ಯದರ್ಶಿ. ಅದರ ಫಲವಾಗಿ ೧೮೮೩ರಿಂದ ಕ್ಷಾಮ ಸಂಹಿತೆಗಳು ರೂಪುಗೊಂಡವು. ಬರ ಬರುವ ಮೊದಲೇ ಕಾಮಗಾರಿಗಳ ಪಟ್ಟಿ ಸಿದ್ಧವಿರಬೇಕು. ಅನುಮಾನ ಬಂದ ಕೂಡಲೆ ಪರೀಕ್ಷಾ ಕೆಲಸ ತೆರೆದು ಎಷ್ಟು ಜನ ಬರುತ್ತಾರೆಂದು ನೋಡಬೇಕು. ಜಿಲ್ಲೆಯನ್ನು ವಲಯಗಳಾಗಿ ಹಂಚಿ ಒಂದೊಂದಕ್ಕೂ ಒಬ್ಬನನ್ನು ಹೊಣೆ ಮಾಡಬೇಕು. ಜಿಲ್ಲೆಯ ಪರಿಹಾರಕ್ಕೆ ಕಲೆಕ್ಟರೇ ಉತ್ತರ ಕೊಡಬೇಕು. ಮುಂದೆ ಸದರ್ನ್ ಮರಾಠಾ ರೈಲ್ವೆ ನಮ್ಮ ಉತ್ತರ ಜಿಲ್ಲೆಗಳಿಗೆ ಬಂದದ್ದೂ, ಬೆಂಗಳೂರಿನ ಹಳಿ ೧೮೮೨ರಲ್ಲಿ ಮೈಸೂರು ಮುಟ್ಟಿದ್ದೂ ಈ ಬರ ಕಲಿಸಿದ ಪಾಠಗಳೇ.

ಆದರೂ ಸಂಹಿತೆ ಇದ್ದ ಮಾತ್ರಕ್ಕೆ ಸಾವು ನಿಲ್ಲಲಿಲ್ಲ. ೧೮೯೬-೯೭ರಲ್ಲಿಯೂ ೧೮೯೯-೧೯೦೦ರಲ್ಲಿಯೂ ಭಾರತದಲ್ಲಿ ಜನ ಮತ್ತೆ ಹಸಿವಿನಿಂದ ಸತ್ತರು. ಪುಸ್ತಕದಲ್ಲಿದ್ದ ನಿಯಮ ಯಾವಾಗ ಜಾರಿಗೆ ಬರಬೇಕೆಂದು ಹೇಳುವ ಹಕ್ಕು ಹಸಿದವನಿಗೆ ಇರಲಿಲ್ಲ. ಇಲ್ಲಿಯೇ ನನಗೆ ಈ ಕಥೆಯ ತಿರುಳು ಕಾಣುವುದು. ಆಪತ್ತಿನಲ್ಲಿ ಆಜ್ಞೆ ಒಂದಾಗಿರಬೇಕು ಎಂಬುದು ಅರ್ಧ ಸತ್ಯ. ನಾಲ್ಕು ಆಡಳಿತಗಳ ಗೊಂದಲ ಜನರನ್ನು ಕೊಂದಿತು. ಟೆಂಪಲ್ಲರ ಒಂದೇ ಆಜ್ಞೆಯೂ ಜನರನ್ನು ಕೊಂದಿತು. ಆಜ್ಞೆ ಒಂದಾಗಿರಲಿ, ಆದರೆ ಅದಕ್ಕೆ ಕಣ್ಣು ಹಲವಿರಬೇಕು. ‘ಇಷ್ಟು ಸಾಲದು’ ಎಂದು ಕೆಳಗಿನವನು ಹೇಳಿದರೆ ಮೇಲಿನವನಿಗೆ ಕೇಳಿಸಬೇಕು.

ನಮ್ಮ ದೇಶದ ೨೦೦೫ರ ವಿಪತ್ತು ನಿರ್ವಹಣಾ ಕಾಯಿದೆ ಜಿಲ್ಲೆಯ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯನ್ನು ಅಧ್ಯಕ್ಷನನ್ನಾಗಿ ಮಾಡಿ, ಜನರು ಆರಿಸಿದ ಸ್ಥಳೀಯ ಪ್ರತಿನಿಧಿಯನ್ನು ಸಹ-ಅಧ್ಯಕ್ಷನನ್ನಾಗಿ ಕೂಡಿಸುತ್ತದೆ. ಕಾಯಿದೆ ಬರೆದವರು ಧಾತು ಸಂವತ್ಸರವನ್ನು ನೆನೆದಿದ್ದರೋ ಇಲ್ಲವೋ, ಅದರ ವಿವೇಕ ಮಾತ್ರ ಆ ವಾಕ್ಯದಲ್ಲಿದೆ. ಅಕ್ಕಪಕ್ಕದ ಆ ಎರಡು ಕುರ್ಚಿಗಳಲ್ಲಿ ಒಂದು ಬರಿದಾದರೆ ಏನಾಗುತ್ತದೆಂಬುದಕ್ಕೆ ನಮ್ಮ ನಾಡಿನದೇ ಸಾಕ್ಷಿ ಇದೆ.

೧೮೮೧ರಲ್ಲಿ ಸಂಸ್ಥಾನ ಮಹಾರಾಜರ ಕೈಗೆ ಮರಳಿದಾಗ ದಿವಾನ್ ರಂಗಾಚಾರ್ಲು ಅವರ ಪಾಲಿಗೆ ಬಂದದ್ದು ಆ ಎಂಬತ್ತು ಲಕ್ಷದ ಸಾಲ ಮತ್ತು ಜನ ತೆರವಾದ ಹಳ್ಳಿಗಳು. ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿ, ಸರ್ಕಾರದ ಲೆಕ್ಕವನ್ನು ನಾಡಿನಿಂದ ಬಂದ ರೈತರ, ವರ್ತಕರ ಎದುರು ಓದಿದರು. ಬರವೇ ಆ ಸಭೆಗೆ ಕಾರಣವೆಂದು ನಾನು ಹೇಳಲಾರೆ. ಆದರೆ ಐದು ವರ್ಷ ಮೊದಲು, ಹಗೇವು ತಳ ಕಾಣುತ್ತಿದ್ದಾಗ, ಅಂಥದೊಂದು ಸಭೆ ಇದ್ದಿದ್ದರೆ ಅಲ್ಲಿ ಎದ್ದು ನಿಂತು ಮಾತನಾಡಲು ಹಳ್ಳಿಯವನಿಗೆ ವಿಷಯವಿರುತ್ತಿತ್ತು.